ಉಪ್ಪಿನಾಗರದಲ್ಲಿ ವಿಚಾರಣೆ

ಬಿಷಪ್ಪರ ಕಚೇರಿಯ ನಮೂನೆಯಲ್ಲಿ ಹದಿನೇಳು ಪ್ರಶ್ನೆ.
ಲಾಂಚು ಇಳಿದು, ಬಸ್ಸು ಹತ್ತಿ, ಕೊನೆಗೆ ಕಾಲ್ನಡೆ.
ಗೋಝೋ ದ್ವೀಪದ ಬಡಗಣ ದಂಡೆ,
ಸುಣ್ಣಕಲ್ಲಿನ ಬಂಡೆಗೆ ಕೊರೆದ ಚೌಕ ಚೌಕ ಹೊಂಡ,
ಒಂದೊಂದರಲ್ಲೂ ಅಂಗೈಯಗಲ ಆಕಾಶ.
ಚೆನ್ಸಾ ಪೊರಕೆ ನಿಲ್ಲಿಸಲಿಲ್ಲ.
'ಬಿಸಿಲಿಳಿಯುವ ಮೊದಲು ಗುಡಿಸಿ ಮುಗಿಯಬೇಕು, ದುನ್ ವಿಸ್ತೀನ್.
ನೀವು ಕೇಳುತ್ತಿರಿ.'

ಬೆಳಕು ಕಂಡಿತೆ? ಇಲ್ಲ.
ದನಿ? ಇಲ್ಲ.
ಮರಿಯಮ್ಮನವರು? ಸಂತರು ಯಾರಾದರೂ?
'ಅಂಥ ದೊಡ್ಡವರು ಇಲ್ಲಿಗೇಕೆ ಬಂದಾರು, ಕಾಲು ಉರಿಯುತ್ತದೆ.'
ಹಾಗಾದರೆ ಏನು?
ಪೊರಕೆಯ ಹಿಡಿಗೆ ಗಲ್ಲ ಊರಿ ನಿಂತಳು.
'ಯಾರೋ ಕಾಯುತ್ತಿದ್ದರು.
ನಾನು ಬಂದೆನೆಂದಲ್ಲ, ಮೊದಲಿಂದಲೂ.
ನಾನು ಆಗ ತಿರುಗಿದೆ, ಅಷ್ಟೆ.'
ಎಷ್ಟು ಹೊತ್ತು?
'ಅರ್ಧ ಜಪಸರದಷ್ಟು. ಆಮೇಲೆ ಟ್ರಕ್ಕು ಬಂತು.'

ನಾನು ಗುರುಮಠದಲ್ಲಿ ನಲವತ್ತೊಂದು ವರ್ಷ ಪಾಠ ಹೇಳಿದವನು:
ಪೊರಕೆಯನ್ನು ಆಡಿಸುವುದು ಕೈ, ಕೈಯನ್ನು ತೋಳು,
ತೋಳನ್ನು ನರ, ನರವನ್ನು ಮತ್ತೊಂದು,
ಹೀಗೆ ಹಿಂದೆ ಹಿಂದೆ ಹೋದರೆ
ಎಲ್ಲರೂ ಸಾಲ ತಂದವರೇ ಆದರೆ
ಮೊದಲ ಕಾಸು ಯಾರ ಗಂಟಿನದು?
ಹುಡುಗರು ಬರೆದುಕೊಳ್ಳುತ್ತಿದ್ದರು.
ಕಿಟಕಿಯ ಬದಿಯವನು, ಮಿಫ್ಸುದ್, ಒಮ್ಮೆ ಎದ್ದು ನಿಂತ:
'ನಿಮಗೆ ಎಂದಾದರೂ ಆಗಿದೆಯೇ, ಗುರುಗಳೇ?'
ಗಂಟೆ ಹೊಡೆಯಿತು.
ಗಂಟೆಗಳು ಬಲು ದಯಾಳುಗಳು.

ಇಲ್ಲ, ಮಿಫ್ಸುದ್. ಆಗಿಲ್ಲ.
ಬಲಿಪೀಠದ ಮುಂದೆ ರೊಟ್ಟಿ ಎತ್ತಿದಾಗ
ಭುಜ ನೋಯುತ್ತದೆ, ಅದು ಗೊತ್ತಾಗುತ್ತದೆ.
ಅಮ್ಮ ಸತ್ತ ರಾತ್ರಿ ಗೋಡೆ ಗೋಡೆಯಾಗಿಯೇ ಇತ್ತು.
ಅದಕ್ಕೇ ನನಗೆ ತರ್ಕ ಬೇಕಾಯಿತು,
ಗೆದ್ದು ಬೀಗಲಿಕ್ಕಲ್ಲ,
ಕತ್ತಲ ಮೆಟ್ಟಿಲಿಗೆ ಯಾರೋ ಕಟ್ಟಿಹೋದ ಹಗ್ಗ ಹಿಡಿದ ಹಾಗೆ.
ಬರಿಯ ಬುದ್ಧಿಗೂ ದೇವರು ಎಟುಕುತ್ತಾನೆಂದು
ಧರ್ಮಸಭೆ ಹೇಳಿದರೆ ಕೆಲವರು ನಗುತ್ತಾರೆ, ಎಂಥ ಜಂಬ ಎಂದು.
ನನಗದು ಕಡೆಯ ಪಂಕ್ತಿಗೂ ಬಡಿಸಿದ ಗಂಜಿ:
ಏನೂ ಅನ್ನಿಸದವರು ಉಪವಾಸ ಏಳಬಾರದೆಂದು.

ಪ್ರಶ್ನೆ ಹನ್ನೆರಡು. ಮತ್ತೆ ಬಂದಿತೆ?
'ಇಲ್ಲ. ನಾನು ಬೇಡಲೂ ಇಲ್ಲ.'
ಫಲವೇನು? ಪ್ರಾರ್ಥನೆ ಹೆಚ್ಚಿತೆ? ಸಿಟ್ಟು ಇಳಿಯಿತೆ?
ಚೆನ್ಸಾ ಒಂದು ಹೊಂಡ ಪೂರ್ತಿ ಗುಡಿಸಿದಳು.
'ತಂಗಿಯ ಮನೆಗೆ ಹೋದೆ. ಒಂಬತ್ತು ವರ್ಷ ಮಾತಿರಲಿಲ್ಲ.
ಈ ಹೊಂಡಗಳ ಪಾಲಿನ ವಿಷಯ.
ಬಾಗಿಲಲ್ಲಿ ನಿಂತೆ.
ಕಾಲೊರೆಸಿಕೊಂಡು ಬಾ, ಅಂದಳು.'
ಅಷ್ಟೇ?
'ಸಿಟ್ಟು ಇದೆ. ಸಿಟ್ಟಿಗೇನು.'

ಆಮೇಲೆ ಅವಳು ಕೇಳಿದಳು, ನಮೂನೆಯಿಲ್ಲದೆ:
'ನಿಮಗೆ?'
ಇಲ್ಲಿ ಗಂಟೆ ಇರಲಿಲ್ಲ.
ಮಜ್ಜಿಸ್ತ್ರಾಲ್ ಗಾಳಿ ಕಾಗದ ಕಸಿಯುತ್ತಿತ್ತು.
'ಇಲ್ಲ' ಅಂದೆ.
ಅವಳು ಕನಿಕರಪಡಲಿಲ್ಲ, ಅದಕ್ಕೆ ಋಣಿ.
ಬಾಗಿ ಒಂದು ಚಿಟಿಕೆ ಹಸಿ ಉಪ್ಪು ಅಂಗೈಗೆ ಹಾಕಿದಳು,
ಈ ವರ್ಷದ್ದು ಹೇಗಿದೆ ನೋಡಿ ಎಂದು.
ನೆಕ್ಕಿದೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ;
ಅವಳು ಬಾಟಲಿಗಾಗಿ ಚೀಲ ತಡಕುವಷ್ಟರಲ್ಲಿ
ನನ್ನ ಹಳೆಯ ಚಟ ವಾದ ಕಟ್ಟತೊಡಗಿತ್ತು:
ಬಾಯಾರಿಕೆ ಇದೆ, ಆದ್ದರಿಂದ ನೀರು ಇದೆ.
ಸಾಲದು. ಮರಳುಗಾಡಲ್ಲೂ ಬಾಯಾರುತ್ತದೆ. ಇಪ್ಪತ್ತಕ್ಕೆ ಏಳು.
ಬಾಟಲಿಯ ನೀರು ಬಿಸಿಯಾಗಿತ್ತು, ಪ್ಲಾಸ್ಟಿಕ್ಕಿನ ವಾಸನೆ.
ಪೂರ್ತಿ ಕುಡಿದೆ.

ವರದಿಯಲ್ಲಿ ಬರೆದೆ: ಅಲೌಕಿಕವೆಂದು ಖಚಿತವಾಗಿಲ್ಲ.
ಸುಳ್ಳಲ್ಲ ಅದು; ಮೋಸಹೋದವರನ್ನು ಬಹಳ ಕಂಡು
ಹಣ್ಣಾದ ಮಾತು.
ಕೆಳಗೆ, ಫಲ ಎಂಬ ಚೌಕದಲ್ಲಿ, ಪೆನ್ಸಿಲಿನಿಂದ:
ತಂಗಿ. ಒಂಬತ್ತು ವರ್ಷ. ಕಾಲೊರೆಸಿಕೊಂಡು ಬಾ.

ಲಾಂಚಿನಲ್ಲಿ ಟಿಕೆಟ್ಟಿಗೆಂದು ಜೇಬು ತಡಕಿದರೆ
ಒಂದು ಉಪ್ಪಿನ ಹರಳು.
ನಾನು ಹಾಕಿಕೊಂಡದ್ದಲ್ಲ.
ಕೈಯ ಹಿಂದೆ ತೋಳು, ತೋಳಿನ ಹಿಂದೆ...
ಎದುರು ಬೆಂಚಿನ ಮಗು ದಿಟ್ಟಿಸುತ್ತಿತ್ತು.
ಹರಳನ್ನು ನಾಲಿಗೆಗಿಟ್ಟೆ.
ಮತ್ತೆ ಬಾಯಾರಿತು,
ದಡಕ್ಕಿನ್ನೂ ಇಪ್ಪತ್ತು ನಿಮಿಷ.