ಮುಯ್ಯಿ ಬಾಕಿ

ನಾನು ಹೇಳಿದ್ದು ಮುಯ್ ಥಾಯ್.
ಅವ್ವನಿಗೆ ಕೇಳಿಸಿದ್ದು ಮುಯ್ಯಿ, ತಾಯಿ.
"ಯಾರ ಮದ್ವೆಯೇ? ಎಷ್ಟು ಓದಿಸ್ಬೇಕು?"
ಎನ್ನುತ್ತ ಎದ್ದೇಬಿಟ್ಟಳು, ಟ್ರಂಕಿನ ಕಡೆಗೆ.

ಮದುವೆಯಲ್ಲ ಕಣವ್ವ, ಕಾದಾಟ.
ಸಮುದ್ರದ ನಡುವೆ ಒಂದು ದ್ವೀಪ.
ಮುಷ್ಟಿ, ಮೊಣಕೈ, ಮೊಣಕಾಲು, ಪಾದ,
ಎರಡೆರಡರಂತೆ ಎಂಟನ್ನೂ ಹದ ಮಾಡಿಕೊಡುತ್ತಾರಂತೆ.
ಒಂದು ತಿಂಗಳು. ಒಬ್ಬಳೇ.

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತೇನೆ:
ಉಂಡೆ ಎಷ್ಟು, ಹೋಳು ಎಷ್ಟು,
ಚೀಲದ ತೂಕವೆಂದು ಕಳೆಯುವುದೆಷ್ಟು.
ಮೂವತ್ತೊಂಬತ್ತಾಯಿತು. ಮದುವೆ ಆಗಲಿಲ್ಲ.
ಆಗಲಿಲ್ಲ ಎಂದರೆ ಆಗಲಿಲ್ಲ, ಅದರಲ್ಲಿ ಕಥೆಯಿಲ್ಲ.

ಕಥೆ ಇರುವುದು ಟ್ರಂಕಿನಲ್ಲಿ,
ಅವ್ವನ ಮುಯ್ಯಿ ಪುಸ್ತಕ, ಕೆಂಪು ರಟ್ಟಿನದು.
ಬಾಣಾವರದ ಗಂಗಣ್ಣನ ಮಗಳಿಗೆ ಐವತ್ತೊಂದು,
ಜಾವಗಲ್ಲಿನವರಿಗೆ ಹಿತ್ತಾಳೆ ಕೊಳಗ,
ಗಂಡಸಿಯ ಚಿಕ್ಕತಾಯಮ್ಮನ ಮೊಮ್ಮಗನಿಗೆ
ನೂರ ಒಂದು, ಜೊತೆಗೊಂದು ರವಿಕೆ ಕಣ.
ಮೂವತ್ತು ವರ್ಷ ಎಲ್ಲರ ಚಪ್ಪರಕ್ಕೂ ಹೋಗಿ ಕೊಟ್ಟದ್ದು.
ನಮ್ಮ ಬಾಗಿಲಲ್ಲಿ ಚಪ್ಪರ ಏಳಲಿಲ್ಲ,
ಹಾಗಾಗಿ ಒಂದು ಪೈಸೆಯೂ ತಿರುಗಿ ಬರಲಿಲ್ಲ.

ಅವ್ವ ಕನ್ನಡಕ ಹಾಕಿಕೊಂಡು ಓದಿದಳು, ಬೆರಳಿಟ್ಟು.
ಮರುದಿನ ಮೊದಲ ಬಸ್ಸಿಗೇ ಹೊರಟಳು.

"ನನ್ನ ಮಗಳು ಹೊಡೆಯೋದು ಕಲಿಯೋಕೆ ಹೋಗ್ತಾಳೆ,
ನಮ್ಮ ಮುಯ್ಯಿ ವಾಪಸ್ ಓದಿಸ್ರಪ್ಪ."
ಗಂಗಣ್ಣ ನಕ್ಕನಂತೆ, ನಕ್ಕು ಎರಡು ಸಾವಿರ ಕೊಟ್ಟನಂತೆ.
ಜಾವಗಲ್ಲಿನವರು ಬಾಗಿಲು ತೆಗೆಯಲಿಲ್ಲ.
ಚಿಕ್ಕತಾಯಮ್ಮ ಕೇಳಿದಳಂತೆ, "ಅಲ್ಲೇನೈತೆ?"
"ತೆಂಗಿನ ಮರವಂತೆ, ಬಿಸಿಲಂತೆ."
"ಅಯ್ ಶಿವನೇ, ಅದುಕ್ಕೆ ಅಷ್ಟು ದೂರ ಹೋಗ್ಬೇಕಾ!"
ಬೈದು ಬೈದು, ಕೊನೆಗೆ
ಎಲೆಯಡಿಕೆ ಚೀಲದ ದಾರ ಬಿಚ್ಚಿದಳಂತೆ.
ಸಾಲದ್ದಕ್ಕೆ ನನ್ನ ಚೀಟಿ ದುಡ್ಡು.

*

ಅಲ್ಲಿ ಗುರುವಿಗೆ ಕ್ರೂ ಅನ್ನುತ್ತಾರೆ.
ನಮ್ಮ ಶಬ್ದವೇ, ಹಡಗು ಹತ್ತಿ ಹೋಗಿ
ಉಪ್ಪುಗಾಳಿಗೆ ಸವೆದದ್ದು.
ಕ್ರೂ ಬುನ್ಮಿಯ ನಾಲಿಗೆಗೆ ನಾನು ಹೊರಳಲಿಲ್ಲ;
ಚೆಲುವಾಂಬೆ ಹೋಗಿ ಬರೀ "ಚೆ" ಉಳಿಯಿತು.
ಒಂಬತ್ತು ದಿನ ಒಂದೂ ಏಟಿಲ್ಲ.
ನಿಲ್ಲು ಅಂದ. ಹಗ್ಗ ಜಿಗಿ ಅಂದ. ಮತ್ತೆ ನಿಲ್ಲು ಅಂದ.
ಇಷ್ಟು ವರ್ಷ ನಾನು
ಸರಿಯಾಗಿ ನಿಂತೇ ಇರಲಿಲ್ಲವಂತೆ:
ಭಾರವೆಲ್ಲ ಹಿಮ್ಮಡಿಯಲ್ಲಿ,
ಎದುರು ಯಾರಾದರೂ ಬಂದರೆ
ದಾರಿ ಬಿಡಲು ತಯಾರಾದವರ ಹಾಗೆ.

ತೆಂಗು, ಹೌದು, ನೀರಿನ ಕಡೆ ವಾಲಿಕೊಂಡು.
ಯಾರೂ ಲೆಕ್ಕವಿಡದ ಕಾಯಿ ಮರಳಿಗೆ ಬೀಳುತ್ತಿದ್ದವು.
ನಾನಿಟ್ಟೆ. ಅಭ್ಯಾಸ.
ರಾತ್ರಿ, ಊದಿದ ಕಣಕಾಲಿಗೆ ಎಣ್ಣೆ ತಿಕ್ಕುತ್ತ
ಅತ್ತೆ. ಊರಿನ ನೆನಪಲ್ಲ; ನೋವು, ಅಷ್ಟೇ.
ಬರೀ ನೋವಿಗೆಂದು ಅಳುವುದು
ಇಷ್ಟು ಹಗುರ ಅಂತ ಗೊತ್ತಿರಲಿಲ್ಲ.

ಇಪ್ಪತ್ತಾರನೆಯ ದಿನ ರಿಂಗಿನಲ್ಲಿ
ಹದಿನೇಳರ ಹುಡುಗಿಯೊಬ್ಬಳು ಪಕ್ಕೆಗೆ ಒದ್ದಳು.
ಉಸಿರು ಹೋಯಿತು.
ಬಂತು.
ಕೈ ಮುಗಿದಳು. ನಾನೂ ಮುಗಿದೆ.
ತಿರುಗಿ ಒದೆಯುವಷ್ಟರಲ್ಲಿ ಗಂಟೆ.

*

ಈಗ ಮತ್ತೆ ಮಂಡಿ. ಸಂಜೆ ಗೋದಾಮಿನ ಹಿಂದೆ
ತೊಲೆಗೊಂದು ಚೀಲ ನೇತು ಹಾಕಿದ್ದೇನೆ, ಒಳಗೆ ತೆಂಗಿನ ನಾರು.
ಹಮಾಲಿ ಬಸಲಿಂಗ ಬೀಡಿ ಸೇದುತ್ತ ಎಣಿಸುತ್ತಾನೆ,
ನಲವತ್ತಾದ ಮೇಲೆ ತಪ್ಪುತ್ತಾನೆ.
ಇನ್ನೂ ಯಾರೂ ನನ್ನನ್ನು ಹೊಡೆಯಲು ಬಂದಿಲ್ಲ.
ಬರಲೆಂದೂ ಅಲ್ಲ.
ಆದರೆ ರೈಲಿಳಿದ ಜನ ಓವರ್‌ಬ್ರಿಜ್ಜಿನಲ್ಲಿ ನುಗ್ಗುವಾಗ
ನನ್ನ ಬಳಸಿಕೊಂಡು ಹೋಗುತ್ತಾರೆ,
ಹೊಳೆ ಬಂಡೆಯನ್ನು ಬಳಸುವ ಹಾಗೆ.

ಅವ್ವ ಪುಸ್ತಕ ತೆಗೆದು
ವಸೂಲಾದ ಹೆಸರಿಗೆಲ್ಲ ಗೀಟೆಳೆದಳು,
ಜಾವಗಲ್ಲಿನವರನ್ನು ಹಾಗೇ ಬಿಟ್ಟಳು.
"ಇನ್ಯಾರಾದ್ರೂ ಇದಾರೇನೇ?"
ಪೆನ್ನು ಇಸಿದುಕೊಂಡು ಬರೆದೆ:
ದ್ವೀಪದ ಹುಡುಗಿ, ಹೆಸರು ನೊಕ್.
ಅವರಿಂದ ಬಂದದ್ದು, ಒದೆ ಒಂದು, ಎಡ ಪಕ್ಕೆಗೆ.
ನಮ್ಮದು ಬಾಕಿ.