ಎಡಗಡೆಯ ಪಟ್ಟಿ

ಲಷ್ಕರ್ ಮೊಹಲ್ಲಾದ ನಮ್ಮ ಊದುಬತ್ತಿ ಆಫೀಸಿನಲ್ಲಿ
ಮಹಡಿಗೆ ಪರಿಮಳ ತಾನಾಗಿ ಹತ್ತಿ ಬರುತ್ತದೆ,
ಕಾಗದ ಬರುವುದಿಲ್ಲ. ಕಾಗದವೆಲ್ಲ ಈಗ
ಕಿಟಕಿ ಪಕ್ಕದ ಹಳೇ ಕಂಪ್ಯೂಟರಿನೊಳಗೆ,
ಪರದೆಯ ಎಡಗಡೆ ಉದ್ದಕ್ಕೆ ಇಳಿದ ಪಟ್ಟಿಯಲ್ಲಿ.

ಪಟ್ಟಿ ಕಟ್ಟಿದವರು ಪುಟ್ಟಮಾದಯ್ಯನವರು.
ಇಪ್ಪತ್ತೆರಡು ವರ್ಷ. ಹೋದ ಯುಗಾದಿಗೆ ನಿವೃತ್ತಿ.
ಗಿರಾಕಿಯ ಹೆಸರಲ್ಲಿ ಫೋಲ್ಡರು ಇಡುವವರಲ್ಲ ಅವರು;
ಯಾರು ಏನು ಕೊಳ್ಳುತ್ತಾರೋ ಅದೇ ಅವರ ಹೆಸರು.
ಸುರಿನಾಮಿನವರು ಕೇದಗೆ. ಡರ್ಬನ್ನಿನವರು ಸಾಂಬ್ರಾಣಿ.
ಮೂರು ಸಲ ದುಡ್ಡು ಬಾಕಿ ಇಟ್ಟ ಇಂದೋರಿನವರು
ಮೊದಲು ಮಲ್ಲಿಗೆ, ಆಮೇಲೆ ಬರೀ ‘ಹೊಗೆ’.

ಇವತ್ತು ಆಡಿಟರಿಗೆ ಹದಿನಾಲ್ಕನೇ ಇಸವಿಯ ಬಿಲ್ಲೊಂದು ಬೇಕು.
‘ಸಂಪಿಗೆ’ ಇಲ್ಲ.
ನಿನ್ನೆ ಇತ್ತು. ನಿನ್ನೆ ಇತ್ತು ಸಾರ್, ಅನ್ನುತ್ತೇನೆ,
ಬಸ್ಸಿನಲ್ಲಿ ಕೊಡೆ ಬಿಟ್ಟು ಬಂದವರ ದನಿಯಲ್ಲಿ.

ಹುಡುಕುವ ಡಬ್ಬಿಯಲ್ಲಿ ಸಂಪಿಗೆ ಅಂತ ಹೊಡೆದೆ.
ಪತ್ರಗಳೊಳಗಿನ ಸಂಪಿಗೆಯನ್ನೆಲ್ಲ ತಂದು ಸುರಿಯಿತು,
ಸಾವಿರದ ಮುನ್ನೂರು.
ಮನೆ ಎಲ್ಲಿ ಅಂತ ಮಾತ್ರ ಹೇಳಲಿಲ್ಲ.

ಫೋನು ಮಾಡಿದೆ. ಅತ್ತ ಕಡೆ ಕುಕ್ಕರಿನ ಕೂಗು.
“ಕಳೆದಿರಲ್ಲ ಕಣಮ್ಮ ದಾಕ್ಷಾಯಿಣಿ, ಕೈ ಜಾರಿರುತ್ತೆ.
ಮೌಸ್ ಒತ್ತಿಕೊಂಡೇ ಒಂಚೂರು ಎಳೆದರೂ ಸಾಕು,
ಒಂದು ಫೋಲ್ಡರು ಇನ್ನೊಂದರ ಹೊಟ್ಟೆಗೆ ಬೀಳುತ್ತೆ.
ಬದಿಯಲ್ಲಿ ಬಾಣ ಇರುತ್ತೆ ನೋಡು, ಸೀಬೆ ಬೀಜದಷ್ಟು.
ಒಂದೊಂದೇ ತೆಗಿ. ಆಡಿಟರಿಗೆ ಕಾಫಿ ತರಿಸು.”

ತೆಗೆದೆ. ಈ ಮೊಹಲ್ಲಾದ ಓಣಿಗಳ ಹಾಗೇ ಅದೂ:
ಬಾಗಿಲು, ಒಳಗೊಂದು ಹಜಾರ, ಹಜಾರದಲ್ಲೊಬ್ಬ ಟೈಲರು,
ಅವನ ಬೆನ್ನ ಹಿಂದೆ ಮೆಟ್ಟಿಲು.
‘ಬಿದಿರು ಕಡ್ಡಿ’ಯೊಳಗೆ ‘ತ್ರಿಪುರ’, ತ್ರಿಪುರದೊಳಗೆ ‘ಲಾರಿ’,
ಲಾರಿಯೊಳಗೆ ‘ಮಳೆಗೆ ನೆನೆದದ್ದು’,
ಅದರೊಳಗೆ ಸಂಪಿಗೆ.
ಒಂದೆಸಳೂ ಬಾಡಿರಲಿಲ್ಲ.

ಅದರ ಕೆಳಗೆ ಇನ್ನೊಂದು. ಇದು ನಾನು ಬೀಳಿಸಿದ್ದಲ್ಲ.
ಹೆಸರು, ಬರೀ ‘ದಾ’.

ಹದಿನಾರನೇ ಇಸವಿ, ನಾನು ಕೆಲಸಕ್ಕೆ ಸೇರಿದ ವರ್ಷ.
ಡರ್ಬನ್ನಿಗೆ ಹೋಗಬೇಕಿದ್ದ ಎಂಬತ್ತು ಪೆಟ್ಟಿಗೆ
ಡಬ್ಲಿನ್ನಿಗೆ ಹೋದದ್ದು.
ಸೊನ್ನೆಯೊಂದು ಹೆಚ್ಚಾಗಿ ಹೋದ ಇನ್‌ವಾಯ್ಸು.
‘ಶ್ರೀಮತಿ’ ಅನ್ನಿಸಿಕೊಂಡ ಗಂಡಸೊಬ್ಬರ ಕೋಪ, ದಪ್ಪ ಅಕ್ಷರದಲ್ಲಿ.
ನಾನು ಇದ್ಯಾವುದನ್ನೂ ಕಂಡವಳಲ್ಲ.
ಪ್ರತಿಯೊಂದಕ್ಕೂ ಕೆಳಗೆ ಅವರ ಉತ್ತರ, ಮುರುಕು ಇಂಗ್ಲಿಷಿನಲ್ಲಿ:
ತಪ್ಪು ನನ್ನದು. ವಯಸ್ಸಾಯಿತು. ಕನ್ನಡಕ ಬದಲಿಸುತ್ತಿದ್ದೇನೆ.

ಒಂದೇ ವರ್ಷದಲ್ಲಿ ಹದಿನೇಳು ಸಲ ಕನ್ನಡಕ ಬದಲಿಸಿದ್ದಾರೆ
ಪುಟ್ಟಮಾದಯ್ಯನವರು.

“ಸಿಕ್ತಾ?”
“ಸಿಕ್ತು ಸಾರ್.”
“ಸಂಪಿಗೇನಾ?”
“...ಸಂಪಿಗೇನೇ.”
ಎರಡು ಸೀಟಿ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ,
“ಆಗಾಗ ಕುಗ್ಗಿಸ್ತಾ ಇರಮ್ಮ ಫೋಲ್ಡರುಗಳನ್ನ.
ಅಳಿಸಿದ್ದು ಹೋಗಿಬಿಡಲ್ಲ. ಕಣ್ಣಿಗೆ ಬೀಳದ ಹಾಗೆ
ಅಲ್ಲೇ ಮಲಗಿರುತ್ತೆ, ಜಾಗ ತಿನ್ನುತ್ತಾ.”

ಪರದೆಯೂ ಅದನ್ನೇ ಕೇಳುತ್ತಿತ್ತು ವಾರದಿಂದ, ಕುಗ್ಗಿಸಲೇ ಅಂತ.
ಬೇಡ ಅಂತ ಒತ್ತಿದೆ.
ಸಂಪಿಗೆಯನ್ನು ಹಿಡಿದು, ಉಸಿರು ಬಿಗಿಹಿಡಿದು,
ಮೇಲಕ್ಕೆ ತಂದು ಅದರ ಜಾಗದಲ್ಲಿ ಇಳಿಸಿದೆ.
‘ದಾ’ ಇದ್ದಲ್ಲೇ ಇರಲಿ, ನೆನೆದ ಲಾರಿಯಲ್ಲಿ.

ಬಿಲ್ಲು ಅಚ್ಚಾಗಿ ಬಂತು. ಆಡಿಟರು ಬೆರಳಿಟ್ಟು ಕೂಡಿದರು,
ಇನ್ನೊಮ್ಮೆ ಕೂಡಿದರು. ಒಂಬತ್ತು ರೂಪಾಯಿ ತಪ್ಪು.
“ಯಾರು ಮಾಡಿದ್ದು ಇದನ್ನ?”

ಕೆಳಗೆ ಹೆಂಗಸರು ಡಜನ್ ಡಜನ್ ಎಣಿಸುತ್ತಿದ್ದರು, ಗಟ್ಟಿಯಾಗಿ.

“ನಾನೇ ಸಾರ್.”
“ಹದಿನಾಲ್ಕರಲ್ಲಿ ನೀವು ಇಲ್ಲಿ ಇರಲೇ ಇಲ್ಲವಲ್ಲ?”
“ಕನ್ನಡಕ ಬದಲಿಸಬೇಕು ಸಾರ್,” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು.
ಅದರ ಮೇಲೆ ಕನ್ನಡಕವೇ ಇರಲಿಲ್ಲ.