ಬಲಗಾಲು

ಹತ್ತು ಕೂಪನ್ನು ಬೇಕಿತ್ತು, ಒಂಬತ್ತಾಗಿದ್ದವು.
ಫೆಬ್ರವರಿಯಿಡೀ ಪೇಪರಿನ ಮೂಲೆ ಕತ್ತರಿಸಿ
ಚಹಾ ಡಬ್ಬಿಯ ಕೆಳಗೆ ಒತ್ತಿಟ್ಟಿದ್ದೆ.
ಏಳನೆಯದು ಮಾತ್ರ ತಪ್ಪಿತ್ತು.
ಆ ಮಂಗಳವಾರ ಬಾಯ್ಲರ್ ಹಾಕುವವನು ಬಂದಿದ್ದ,
ನೆಲಕ್ಕೆ ಹಾಸಲು ಕಾಗದ ಕೇಳಿದ್ದ, ನಾನೇ ಕೊಟ್ಟಿದ್ದೆ.

ಆ ಬಾಯ್ಲರು ತಿಂದದ್ದು ಸ್ಪೇನನ್ನು.
ಎರಡು ವರ್ಷ ಕೂಡಿಟ್ಟ ಸ್ಪೇನು,
ಈಜುಕೊಳವಿದ್ದ, ಬೆಳಗ್ಗೆ ಕಲ್ಲಂಗಡಿ ಹೋಳಿದ್ದ ಸ್ಪೇನು
ಈಗ ಅಡುಗೆಮನೆಯ ಗೋಡೆಗೆ ನೇತುಬಿದ್ದು
ಗುಡುಗುಡು ಅನ್ನುತ್ತ ನೀರು ಕಾಯಿಸುತ್ತದೆ.
ಸ್ನಾನಕ್ಕಿಳಿದಾಗಲೆಲ್ಲ ಗೆಥಿನ್ ಕೂಗುತ್ತಾನೆ:
"ಡೆಲಿತ್, ಮೆಡಿಟರೇನಿಯನ್ ಬೆಚ್ಚಗಿದೆ, ಬಾ!"

ಏಳನೆಯದನ್ನು ಕೊಟ್ಟವಳು ಎದುರುಮನೆಯ ನೆರಿಸ್,
ಗಿಳಿಯ ಪಂಜರದ ತಳದಿಂದ ಎಳೆದು.
"ಒರೆಸಿದೀನಿ ಕಣೇ" ಅಂದಳು.
ಪೂರ್ತಿ ಒರೆಸಿರಲಿಲ್ಲ.

ತಲೆಗೆ ಹದಿನೈದು ಪೌಂಡು, ನಾಲ್ಕು ರಾತ್ರಿ, ಪೋರ್ತ್‌ಕಾಲ್.
ಮಾರ್ಚಿನಲ್ಲಿ, ಅಂದರೆ ಯಾರೂ ಹೋಗದಾಗ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಜೆ ಕೇಳಿದೆ.
"ಎಲ್ಲಿಗೆ?" ಅಂದರು. "ಸಮುದ್ರಕ್ಕೆ" ಅಂದೆ.
ಯಾವ ಸಮುದ್ರ ಅಂತ ಹೇಳಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ಕ್ಯಾರವಾನಿನ ಹಾಸಿಗೆ ಅವನಿಗಿಂತ ಒಂದು ಗೇಣು ಮೋಟು,
ಐವತ್ತಮೂರರ ಮಂಡಿ ಮಡಚಲೊಲ್ಲದು.
ಹೊರಗುಳಿದ ಪಾದಗಳಿಗೆ ನನ್ನ ಕೋಟು ಹೊದಿಸಿದೆ.
ಕಿಟಕಿಯಾಚೆ ಬೀಗ ಜಡಿದ ಐಸ್‌ಕ್ರೀಮ್ ಗಾಡಿ,
ಅದರಾಚೆ ಪಾತ್ರೆ ತೊಳೆದ ನೀರಿನ ಬಣ್ಣದ ಸಮುದ್ರ.

ನಾಲ್ಕೂವರೆಗೆ ಎದ್ದು ಕೂತ.
ಇಪ್ಪತ್ತೆರಡು ವರ್ಷ ಕಣಿವೆಯ ಮೊದಲ ಬಸ್ಸು ಓಡಿಸಿದವನ
ಮೈಯೊಳಗಿನ ಗಡಿಯಾರಕ್ಕೆ ಯಾರು ರಜೆ ಮಂಜೂರು ಮಾಡಬೇಕು?
"ಕಾಸಿಲ್ಲದೆ ಏನು ಮಾಡಬಹುದು?" ಅಂದೆ.
ಜೇಬಿನಿಂದ ಪಾಸು ತೆಗೆದ.
ನೌಕರನಿಗೂ ಹೆಂಡತಿಗೂ ಕಂಪನಿಯ ಬಸ್ಸೆಲ್ಲ ಪುಕ್ಕಟೆ.
"ನಗಬೇಡ" ಅಂದ.
ಅಷ್ಟರಲ್ಲಿ ನಕ್ಕಾಗಿತ್ತು.

ಮಹಡಿಯ ಮುಂದಿನ ಸೀಟು,
ಮಕ್ಕಳು ಜಗಳಾಡಿ ಹಿಡಿಯುವ ಜಾಗ.
ಬೇಯಿಸಿದ ಮೊಟ್ಟೆ, ಫ್ಲಾಸ್ಕು, ಕಾಗದದ ಪೊಟ್ಟಣದಲ್ಲಿ ಉಪ್ಪು.
ಇಂಥ ಕಡೆಗೇ ಅಂತಿಲ್ಲ,
ಬಸ್ಸು ಎಲ್ಲಿ ಸಾಕಾಗಿ ತಿರುಗುತ್ತದೋ ಅಲ್ಲಿವರೆಗೆ.

ನಾನು ನೋಡಿದ್ದು ಊರುಗಳನ್ನಲ್ಲ, ಅವನ ಬಲಗಾಲನ್ನು.
ತಿರುವು ಬಂದರೆ ನೆಲ ಒತ್ತುತ್ತಿತ್ತು,
ಕುರಿ ಅಡ್ಡ ಬಂದರೆ, ಕೆಂಪು ದೀಪ ಕಂಡರೆ,
ಛತ್ರಿ ಹಿಡಿದ ಮುದುಕಿ ಕೈಯೆತ್ತಿದರೆ.
ಇಲ್ಲದ ಬ್ರೇಕನ್ನು ಒತ್ತಿ ಒತ್ತಿ
ಇನ್ನೊಬ್ಬನ ಬಸ್ಸನ್ನು ಮೇಲೆ ಕೂತು ಕಾಯುತ್ತಿದ್ದ.
ಆಡಿಕೊಳ್ಳುವುದು ಹೇಗೆ?
ಚಹಾದಂಗಡಿಯ ಮೇಜುಬಟ್ಟೆ ಸೊಟ್ಟಗಿದ್ದರೆ
ನನ್ನ ಬೆರಳೂ ತಾನಾಗಿ ಮಡಿಕೆ ಹುಡುಕುತ್ತದೆ.

ಮೂರನೆಯ ದಿನ ಮೀನು-ಚಿಪ್ಸಿನ ಬೋರ್ಡಿನ ಮುಂದೆ ನಿಂತು
ಇಬ್ಬರೂ ಒಳಗೊಳಗೇ ಲೆಕ್ಕ ಹಾಕಿ
ಒಂದು ಪ್ಲೇಟು ಅಂದೆವು, ಒಟ್ಟಿಗೇ.
ಎರಡು ಮುಳ್ಳುಚಮಚ, ನಡುವೆ ವಿನಿಗರ್ ವಾಸನೆ.
"ನಾವು ಬಡವರಾ, ಡೆಲ್?"
"ಅಲ್ಲ" ಅಂದೆ, "ಬಡವರ ಪಕ್ಕದ ಮನೆಯವರು."
ಕೊನೆಯ ಚಿಪ್ಸನ್ನು ನನ್ನ ಕಡೆ ದೂಡಿದ.
ನಾನು ಅವನ ಕಡೆ.
ಕಡಲಹಕ್ಕಿ ಬಂದು ತೀರ್ಪು ಕೊಟ್ಟಿತು.

ನಾಲ್ಕನೆಯ ದಿನ, ಮಧ್ಯಾಹ್ನದ ಬಸ್ಸು.
ಇಳಿಜಾರು, ದೊಡ್ಡ ತಿರುವು, ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರು.
ಗಾಬರಿಯಾಗಿ ಅವನ ಕಾಲು ನೋಡಿದೆ.

ಸುಮ್ಮನಿತ್ತು.
ಲೇಸು ಬಿಚ್ಚಿಹೋದ ಬೂಟು ಒಂದು ಕಡೆ ವಾಲಿ,
ಕಾಲು ಬೇಕಾದಷ್ಟು ಉದ್ದಕ್ಕೆ ಚಾಚಿ,
ಗಾಜಿಗೆ ತಲೆ ಆನಿಸಿ, ಬಾಯಿ ತುಸು ತೆರೆದು
ನಿದ್ದೆಹೋಗಿದ್ದ,
ಕೆಳಗೆ ಯಾರೋ ಓಡಿಸುತ್ತಿದ್ದರು.

ನಮ್ಮ ಸ್ಟಾಪು ಬಂತು.
ಗಂಟೆ ಒತ್ತಲು ಕೈ ಎತ್ತಿದೆ,
ಇಳಿಸಿದೆ.